ಬಲಗಡೆಯ ಬಟನ್ನು ಮತ್ತು ಉಚ್ಚೆಂಗೆಮ್ಮನವರ ನೆಮ್ಮದಿಗೇಡು

ಬಳ್ಳಾರಿಯ ಜೀನ್ಸ್ ಪ್ಯಾಂಟಿನ ಕೀರ್ತಿಯನ್ನು ಹೇಳುವವರು ಅದರ ಹೊಲಿಗೆಯನ್ನು ಹೊಗಳುತ್ತಾರೆ, ಬಣ್ಣವನ್ನು ಹೊಗಳುತ್ತಾರೆ, ಅದನ್ನು ಊರೂರಿಗೆ ಮುಟ್ಟಿಸಿದ ವ್ಯಾಪಾರಿಗಳ ಜಾಣತನವನ್ನೂ ಹೊಗಳುತ್ತಾರೆ. ಆದರೆ ಬಟ್ಟೆಗೆ ಕತ್ತರಿ ತಾಗುವ ಮೊದಲೇ ಪ್ಯಾಂಟಿನ ಕಾಲು, ನಡುಪಟ್ಟಿ, ಜೇಬುಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದಾಗಿ ಜೋಡಿಸಿ, ಎಲ್ಲಿ ಕತ್ತರಿಸಬೇಕೆಂದು ತೋರಿಸಿಕೊಡುವ ಕೈಗಳ ವಿಷಯ ಯಾರ ಬಾಯಲ್ಲೂ ಬರುವುದಿಲ್ಲ. ಆ ಕೈಗಳಿಗೆ ಮೌಸ್ ಹಿಡಿಯಲು ಕಲಿಸಿದವರ ಮೊದಲ ಸಾಲಿನಲ್ಲಿ ನಿಲ್ಲುವವರು, ನಮ್ಮ ಉಡುಪು ಮತ್ತು ಕಂಪ್ಯೂಟರ್ ತರಬೇತಿ ಕೇಂದ್ರದ ಹಿರಿಯ ಬೋಧಕಿ ಶ್ರೀಮತಿ ಉಚ್ಚೆಂಗೆಮ್ಮನವರು. ಮೂರು ದಶಕಗಳನ್ನು ದಾಟಿದ ಸೇವೆಯ ನಂತರ ಈ ವರ್ಷದ ಮೇ ತಿಂಗಳ ಕೊನೆಗೆ ಅವರು ನಿವೃತ್ತರಾದರು. ಹಾಗೆಂದು ಬರೆಯುವುದು ಸುಲಭ; ಅವರನ್ನು ಬಲ್ಲ ನಮಗೆ ಅದನ್ನು ನಂಬುವುದು ಕಷ್ಟ.

ಏಕೆಂದರೆ ಉಚ್ಚೆಂಗೆಮ್ಮನವರಿಗೆ ಕೂತಲ್ಲಿ ಕೂರುವ ಜಾಯಮಾನವೇ ಇಲ್ಲ. ಬ್ಯಾಂಕಿಗೆ ಹೋದರೆ ಕೌಂಟರಿನ ಮೇಲೆ ಕತ್ತು ಚಾಚಿ ಆಚೆಯವರ ಕೈ ಮೌಸಿನ ಮೇಲೆ ಹೇಗಿದೆ ಎಂದು ನೋಡುತ್ತಾರೆ. ಆಸ್ಪತ್ರೆಯಲ್ಲಿ ಚೀಟಿ ಬರೆಸುವಾಗ, ಮೈಯಲ್ಲಿ ಜ್ವರವಿದ್ದರೂ, ಬಲಗಡೆ ಒತ್ತಿದರೆ ಇದರಲ್ಲಿ ಏನಾಗುತ್ತದೆ ಎಂದು ಕೇಳಿಬಿಡುತ್ತಾರೆ. ಸಭೆಗಳಲ್ಲಿ ಅವರ ತೋರುಬೆರಳು ಮತ್ತು ನಡುಬೆರಳು ಮೇಜನ್ನು ಒಂದಾದ ಮೇಲೊಂದು ಬಡಿಯುತ್ತಲೇ ಇರುತ್ತವೆ. ಪಕ್ಕದಲ್ಲಿ ಕೂತವರಿಗೆ ಕೊನೆಗೆ ಉಳಿಯುವುದು ಆ ಸದ್ದೇ ಹೊರತು ಭಾಷಣವಲ್ಲ. ಈ ಅಭಿನಂದನ ಗ್ರಂಥದ ಸುದ್ದಿ ತಿಳಿಸಲು ಪಾರ್ವತಿನಗರದ ಅವರ ಮನೆಗೆ ಹೋದ ಸಮಿತಿಯವರನ್ನು ಕೂರಿಸಿ, ಚಹಾ ಕೊಟ್ಟು, ತಾವು ಮಾತ್ರ ಬಾಗಿಲಿಗೂ ಕಿಟಕಿಗೂ ಓಡಾಡುತ್ತಲೇ ಇದ್ದರು. ಬರೀ ಹೊಗಳುವುದಾದರೆ ಪುಸ್ತಕ ಬೇಡ, ತಮ್ಮ ಕೆಲಸದ ಬಗ್ಗೆ ಬರೆಯುವುದಾದರೆ ಕೊನೆಯ ವರ್ಷ ಆದದ್ದನ್ನೂ ಮುಚ್ಚಿಡದೆ ಬರೆಯಬೇಕು ಎಂದರು. ಈ ಲೇಖನ ಆ ಕರಾರಿಗೆ ಒಪ್ಪಿ ಬರೆದದ್ದು.

ಅವರು ಹುಟ್ಟಿದ್ದು ಕುರುಗೋಡಿನಲ್ಲಿ. ತಂದೆ ಹೊನ್ನೂರಪ್ಪನವರು ಹತ್ತಿ ಜಿನ್ನಿನಲ್ಲಿ ಹಮಾಲಿ ಮಾಡುತ್ತಿದ್ದರು. ಅಜ್ಜಿ ತಾನು ನಂಬಿದ ದೇವಿಯ ಹೆಸರನ್ನು ಮೊಮ್ಮಗಳಿಗೆ ಇಟ್ಟರು. ಮುಂದೆ ಮನೆಯವರು ಬುದ್ಧನ ದಾರಿ ಹಿಡಿದು, ತಮ್ಮಂದಿರ ಮಕ್ಕಳು ಗೌತಮಿ, ಸಮ್ರಾಟ್ ಎಂಬ ಹೆಸರುಗಳಲ್ಲಿ ಬೆಳೆದರೂ ಇವರು ಅಜ್ಜಿ ಕರೆದ ಹೆಸರನ್ನು ಬಿಡಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಲಧಿಕಾರಿಯೊಬ್ಬರು, ಹೆಸರು ಬಾಯಿಗೆ ದೊಡ್ಡದಾಯಿತು, ಉಮಾ ಎಂದು ಕರೆಯಲೇ ಎಂದು ಕೇಳಿದ್ದರಂತೆ. ಧಾರಾಳವಾಗಿ ಕರೆಯಬಹುದು, ಆದರೆ ತಾವು ತಿರುಗಿ ನೋಡುವುದಿಲ್ಲ ಎಂದು ಇವರು ಹೇಳಿದರಂತೆ. ಆ ಅಧಿಕಾರಿ ನಾಲಿಗೆ ಹೊರಳಿಸಿ ಪೂರ್ತಿ ಹೆಸರನ್ನೇ ಕಲಿತರು.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಕುರುಗೋಡಿನ ಬಸ್ ನಿಲ್ದಾಣದ ಎದುರಿನ ಟೈಪಿಂಗ್ ಶಾಲೆಗೆ ಸೇರಿದರು. ಅಲ್ಲಿನ ಯಂತ್ರ ಎಷ್ಟು ಹಳೆಯದೆಂದರೆ ಕೀಲಿಗಳ ಮೇಲಿನ ಅಕ್ಷರಗಳೆಲ್ಲ ಸವೆದು ಬೋಳಾಗಿದ್ದವು. ಪರೀಕ್ಷೆಗೆಂದು ಬಳ್ಳಾರಿಗೆ ಬಂದಾಗ ಎದುರಿಗಿದ್ದದ್ದು ಎಂದೂ ಕಂಡರಿಯದ ಬೇರೆ ಯಂತ್ರ. ಧೈರ್ಯ ಮಾಡಿ ಬೆರಳಿಟ್ಟರೆ, ಅಕ್ಷರಗಳೆಲ್ಲ ಕುರುಗೋಡಿನಲ್ಲಿ ಇದ್ದ ಜಾಗದಲ್ಲೇ ಇದ್ದವು! ಆ ಹೊತ್ತಿನ ಸಂತೋಷವನ್ನು ಅವರು ಹೊಸ ತಂಡದ ಮೊದಲ ತರಗತಿಯಲ್ಲಿ ತಪ್ಪದೆ ಹೇಳುತ್ತಿದ್ದರು. ಯಾರೋ ಎಲ್ಲೋ ಕೂತು, ಕುರುಗೋಡಿನ ಹಮಾಲನ ಮಗಳಿಗೆ ಬಳ್ಳಾರಿಯಲ್ಲಿ ಮೋಸವಾಗಬಾರದು ಎಂದು ಎಲ್ಲ ಯಂತ್ರಗಳಲ್ಲೂ ಅಕ್ಷರಗಳನ್ನು ಒಂದೇ ಕಡೆ ಇಟ್ಟಿದ್ದಾರೆ ಎಂದು ಅವರಿಗೆ ಅನ್ನಿಸಿತ್ತಂತೆ. ಆ ಕಾಣದ ಮನುಷ್ಯನ ಮೇಲೆ ಅವರಿಗೆ ಹುಟ್ಟಿದ ಗೌರವ ಇಂದಿಗೂ ಕರಗಿಲ್ಲ.

ತೊಂಬತ್ತರ ದಶಕದಲ್ಲಿ ನಮ್ಮ ಕೇಂದ್ರಕ್ಕೆ ಟೈಪಿಂಗ್ ಬೋಧಕಿಯಾಗಿ ಬಂದ ಅವರು, ಕಂಪ್ಯೂಟರುಗಳು ಬಂದಾಗ ಯಾರೂ ಕಳಿಸುವ ಮೊದಲೇ ತಾವಾಗಿ ಕೇಳಿಕೊಂಡು ತರಬೇತಿಗೆ ಹೋದರು. ಹಿಂತಿರುಗಿ ಬಂದು ಕಲಿಸಲು ನಿಂತದ್ದು, ಅದುವರೆಗೆ ಹೊಲಿಗೆ ಯಂತ್ರ ಬಿಟ್ಟು ಬೇರೇನನ್ನೂ ಮುಟ್ಟದ ಹೆಣ್ಣುಮಕ್ಕಳಿಗೆ. ಆ ಹೆಣ್ಣುಮಕ್ಕಳು ಮೌಸನ್ನು ಬೀಸುವ ಕಲ್ಲಿನ ಗೂಟ ಹಿಡಿದ ಹಾಗೆ ಮುಷ್ಟಿ ಕಟ್ಟಿ ಹಿಡಿಯುತ್ತಿದ್ದರು. ಉಚ್ಚೆಂಗೆಮ್ಮನವರು ಒಬ್ಬೊಬ್ಬರ ಪಕ್ಕದಲ್ಲಿ ನಿಂತು, ಮುಷ್ಟಿ ಬಿಡಿಸಿ, ಬೆರಳುಗಳನ್ನು ಒಂದೊಂದಾಗಿ ಬಟನ್ನುಗಳ ಮೇಲೆ ಇಟ್ಟು ಹೇಳುತ್ತಿದ್ದ ಮಾತು ಈಗ ಜಿಲ್ಲೆಯ ಎಷ್ಟೋ ಹೊಲಿಗೆ ಘಟಕಗಳಲ್ಲಿ ಚಾಲ್ತಿಯಲ್ಲಿದೆ.

“ಎಡಗಡಿ ಬಟನ್ನು ಹೇಳತೈತಿ, ಬಲಗಡಿ ಬಟನ್ನು ಕೇಳತೈತಿ. ಏನ್ ಮಾಡಬೇಕು ಅಂತ ತಿಳೀಲಿಲ್ಲಂದ್ರ ಬಲಗಡಿ ಒತ್ತರಿ. ಅದು ಏನೂ ಕೆಡಸಂಗಿಲ್ಲ.”

ಎಡಗಡೆ ಒತ್ತಿದರೆ ಕೆಲಸ ಆಗುತ್ತದೆ. ಬಲಗಡೆ ಒತ್ತಿದರೆ ಏನೇನು ಮಾಡಬಹುದು ಎಂಬ ಪಟ್ಟಿಯೊಂದು ಪರದೆಯ ಮೇಲೆ ಬಂದು ನಿಲ್ಲುತ್ತದೆ. ಬೇಕಾದದ್ದನ್ನು ಆರಿಸಿಕೊಳ್ಳಬಹುದು, ಬೇಡವಾದರೆ ಹಾಗೇ ಬಿಟ್ಟು ಬರಬಹುದು. ಇಷ್ಟೇ ಪಾಠ. ಆದರೆ ಗಂಡನ ಮನೆಯಲ್ಲೂ ಘಟಕದಲ್ಲೂ ಕೇಳಿದರೆ ಬೈಸಿಕೊಳ್ಳುವುದೇ ರೂಢಿಯಾದ ಆ ಹೆಂಗಸರಿಗೆ, ಎಷ್ಟು ಸಲ ಕೇಳಿದರೂ ಸಿಡುಕದ ಒಂದು ಬಟನ್ನು ಇದೆ ಎನ್ನುವುದು ದೊಡ್ಡ ಸಮಾಧಾನದ ಸಂಗತಿಯಾಗಿತ್ತು. ಬಲಗೈಗೆ ಪೆಟ್ಟಾಗಿ ಎಡಗೈಯಲ್ಲಿ ಮೌಸ್ ಹಿಡಿಯಬೇಕಾಗಿ ಬಂದ ದುರ್ಗೇಶ್ ಎಂಬ ಶಿಷ್ಯನಿಗಾಗಿ ಅವರು ಅವನೊಬ್ಬನ ಕಂಪ್ಯೂಟರಿನಲ್ಲಿ ಬಟನ್ನುಗಳನ್ನು ಅದಲುಬದಲು ಮಾಡಿಸಿದರು. ಅವನು ಎಲ್ಲಿ ಎಡವುತ್ತಾನೆ ಎಂದು ತಿಳಿಯಲು ತಾವೂ ಎಡಗೈಯಲ್ಲೇ ಕೆಲಸ ಮಾಡಿದರು. ಆ ಬೇಸಿಗೆ ಪೂರ್ತಿ ಅವರ ಸಹಿ ಕೂಡ ಎಡಗೈಯಲ್ಲೇ ಬಿದ್ದು, ಕಚೇರಿಯವರು ಇದು ಯಾರ ಸಹಿ ಎಂದು ವಿಚಾರಿಸುವ ಹಾಗಾಗಿತ್ತು.

ತರಗತಿಯೊಳಗಿನ ಈ ಭರವಸೆ ಹೊರಗೆ ನಡೆಯಲಿಲ್ಲ. ಊರಿನ ಘಟಕಗಳು ಒಂದೊಂದು ಕಡೆಯಿಂದ ಒಂದೊಂದು ಪ್ರೋಗ್ರಾಂ ತಂದು ಹಾಕಿಕೊಂಡಿದ್ದವು. ಕಸೂತಿ ಯಂತ್ರದ ಪ್ರೋಗ್ರಾಮಿನಲ್ಲಿ ಎಡಗಡೆ ಒತ್ತಿದರೆ ನೇರ ಗೆರೆ, ಬಲಗಡೆ ಒತ್ತಿದರೆ ಬಾಗಿದ ಗೆರೆ. ಇನ್ನೊಂದರಲ್ಲಿ ಬಲಗಡೆ ಒತ್ತಿದರೆ ದೊಡ್ಡದಾಗುವುದು, ಮತ್ತೊಂದರಲ್ಲಿ ಹಿಂದೆ ಹೋಗುವುದು. ಮೌಸ್ ಅದೇ, ಬೆರಳು ಅದೇ, ರಸ್ತೆಯ ಈ ಬದಿಯ ಘಟಕ ಬಿಟ್ಟು ಆ ಬದಿಯದಕ್ಕೆ ಹೋದರೆ ಅರ್ಥವೇ ಬೇರೆ. ಉಚ್ಚೆಂಗೆಮ್ಮನವರು ಇದನ್ನು ಕಂಡಾಗಲೆಲ್ಲ ಕಸಿವಿಸಿಗೊಳ್ಳುತ್ತಿದ್ದರು, ಸಿಕ್ಕ ಮಾಲೀಕರಿಗೆಲ್ಲ ಹೇಳುತ್ತಿದ್ದರು. ಮಾಲೀಕರು ತಲೆಯಾಡಿಸಿ, ಪಾಪ ಮೇಡಂ ಒಳ್ಳೆಯವರು, ಆದರೆ ಒಂದು ಬಟನ್ನಿನ ಮೇಲೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಎಂದು ನಗುತ್ತಿದ್ದರು.

ಆ ನಗು ನಿಂತದ್ದು ಮೀನಾಳ ಪ್ರಕರಣದಿಂದ. ಮೋಕದ ರೈತರ ಮನೆಯ ಹುಡುಗಿ ಮೀನಾ ಉಚ್ಚೆಂಗೆಮ್ಮನವರ ಬಳಿ ಮೌಸ್ ಹಿಡಿಯಲು ಕಲಿತು, ಆಮೇಲೆ ಕಸೂತಿ ಪ್ರೋಗ್ರಾಮಿನಲ್ಲಿ ಪಳಗಿದವಳು. ಸಿರುಗುಪ್ಪದಲ್ಲಿ ಚನ್ನಬಸವರಾಜರು ನಡೆಸುವ ಘಟಕಕ್ಕೆ ಕಟಿಂಗ್ ನಕ್ಷೆ ಮಾಡಲು ಸೇರಿದಳು. ಅಲ್ಲಿನ ಪ್ರೋಗ್ರಾಮಿನಲ್ಲಿ ಬಲಗಡೆ ಒತ್ತಿದರೆ ಬಾಣದ ಕೆಳಗಿರುವ ತುಂಡು ನಕ್ಷೆಯಿಂದ ಮಾಯ. ಜೀನ್ಸಿನ ಬಲಜೇಬಿನೊಳಗೆ ಒಂದು ಪುಟ್ಟ ಜೇಬು ಇರುತ್ತದಲ್ಲ, ಅದರ ಅಂಚನ್ನು ಒಂದಿಷ್ಟು ಬಾಗಿಸಲು ಮೀನಾಳ ಬೆರಳು ಅಭ್ಯಾಸದಂತೆ ಬಲಗಡೆ ಒತ್ತಿತು. ಜೇಬು ಹೋಯಿತು. ಅಷ್ಟು ಸಣ್ಣ ತುಂಡು ಇಲ್ಲದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಬಟ್ಟೆಯ ಥಾನುಗಳೆಲ್ಲ ಕತ್ತರಿಸಿಹೋಗಿ ಹೊಲಿಗೆಗೆ ಬಂದ ಮೇಲೆ, ಸಣ್ಣ ಜೇಬು ಎಲ್ಲಿ ಎಂದು ಹೊಲಿಯುವವರು ಕೇಳಿದರು. ಮೀನಾಳನ್ನು ಮನೆಗೆ ಕಳಿಸಿದರು. ಆಕೆ ಮೋಕಕ್ಕೆ ಹೋಗಿ, ಇನ್ನು ಕಂಪ್ಯೂಟರ್ ಮುಟ್ಟುವುದಿಲ್ಲ ಎಂದು ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಇಳಿದಳು.

ಸುದ್ದಿ ಕೇಳಿದ ಉಚ್ಚೆಂಗೆಮ್ಮನವರು ರಜೆಯನ್ನೂ ಹಾಕದೆ ಹೊರಟರು. ಮೋಕದ ಹೊಲದಿಂದ ಹುಡುಗಿಯನ್ನು ಎಬ್ಬಿಸಿಕೊಂಡು, ಕೈಗೆ ಅಂಟಿದ ಖಾರ ತೊಳೆಯಲೂ ಪುರುಸೊತ್ತು ಕೊಡದೆ ಸಿರುಗುಪ್ಪಕ್ಕೆ ಕರೆದೊಯ್ದರು. ಚನ್ನಬಸವರಾಜರನ್ನು ಕುರ್ಚಿಯ ಮೇಲೆ ಕೂರಿಸಿ, ಮೊದಲು ಕಸೂತಿ ಪ್ರೋಗ್ರಾಮಿನಲ್ಲಿ ಅವರ ಕೈಯಿಂದಲೇ ಗೆರೆ ಎಳೆಸಿ, ಆಮೇಲೆ ಅವರದೇ ಘಟಕದ ಕಟಿಂಗ್ ಪ್ರೋಗ್ರಾಮಿಗೆ ಕೂರಿಸಿದರು. ಮಾಲೀಕರು ಒಂದು ಕಾಲನ್ನೂ ಒಂದು ನಡುಪಟ್ಟಿಯನ್ನೂ ತಾವೇ ಅಳಿಸಿಹಾಕಿ ಬೆವರು ಒರೆಸಿಕೊಂಡರು. ತಪ್ಪು ಹುಡುಗಿಯದಲ್ಲ, ನಿಮ್ಮ ಪ್ರೋಗ್ರಾಮಿನದು ಎಂದು ಉಚ್ಚೆಂಗೆಮ್ಮನವರು ಹೇಳಿದ್ದನ್ನು ಅವರು ಒಪ್ಪಿ ಮೀನಾಳನ್ನು ಮತ್ತೆ ಸೇರಿಸಿಕೊಂಡರು. ಒಪ್ಪಿದ್ದು ಅವರ ದೊಡ್ಡತನ. ಅದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

‘ಕತ್ತರಿ’ ಹುಟ್ಟಿದ್ದು ಇದಾದ ಮೇಲೆ. ಕೇಂದ್ರದ ಪ್ರೋಗ್ರಾಮರ್ ಕರಿಬಸವನವರ ಬೆನ್ನು ಬಿದ್ದು, ಅವರ ಊಟದ ಹೊತ್ತನ್ನೂ ಬಿಡದೆ, ಉಚ್ಚೆಂಗೆಮ್ಮನವರು ಕಟಿಂಗ್ ನಕ್ಷೆಗೆ ನಮ್ಮದೇ ಒಂದು ಪ್ರೋಗ್ರಾಂ ಬರೆಸಿದರು. ಅದರಲ್ಲಿ ಸೊಗಸು ಕಡಿಮೆ, ಬಣ್ಣ ಇನ್ನೂ ಕಡಿಮೆ. ಆದರೆ ಬಲಗಡೆಯ ಬಟನ್ನು ಪರದೆಯ ಯಾವ ಮೂಲೆಯಲ್ಲಿ ಒತ್ತಿದರೂ ಕೇಳುತ್ತದೆ, ತಾನಾಗಿ ಏನನ್ನೂ ಮಾಡುವುದಿಲ್ಲ. ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಸಣ್ಣ ಘಟಕಗಳು ಒಂದೊಂದಾಗಿ ಕತ್ತರಿಯನ್ನು ಹಾಕಿಸಿಕೊಂಡವು. ಒಂದು ಘಟಕ ಬಿಟ್ಟು ಇನ್ನೊಂದಕ್ಕೆ ಹೋದ ಹೆಣ್ಣುಮಕ್ಕಳು ಅದೇ ದಿನ ಧೈರ್ಯದಿಂದ ಕೈ ಇಟ್ಟರು. ಕುರುಗೋಡಿನ ಟೈಪಿಂಗ್ ಹುಡುಗಿಗೆ ಯಾರೋ ಮಾಡಿದ ಉಪಕಾರವನ್ನು ಅವರು ಹೀಗೆ ತೀರಿಸಿದರು ಎಂದು ಬರೆದು, ದೀರ್ಘಾಯುಷ್ಯ ಹಾರೈಸಿ ಲೇಖನ ಮುಗಿಸಬಹುದಿತ್ತು. ಆದರೆ ಕರಾರು ಇದೆಯಲ್ಲ.

ಕಳೆದ ಒಂದೆರಡು ವರ್ಷಗಳಲ್ಲಿ ಹೊರಗಿನ ಕಂಪನಿಯೊಂದರ ಹೊಸ ಕಟಿಂಗ್ ಪ್ರೋಗ್ರಾಂ ಈ ಸೀಮೆಗೆ ಕಾಲಿಟ್ಟಿತು. ಬಟ್ಟೆ ಉಳಿಸುವುದರಲ್ಲಿ ಅದರ ಮುಂದೆ ನಮ್ಮ ಕತ್ತರಿ ಏನೂ ಅಲ್ಲ. ದೊಡ್ಡ ಘಟಕಗಳು ತಂದವು, ಅವನ್ನು ನೋಡಿ ಸಣ್ಣವೂ ತಂದವು. ಅದರಲ್ಲಿ ಎಡಗಡೆ ಒತ್ತಿ ತುಂಡನ್ನು ಎತ್ತಿಕೊಳ್ಳಬೇಕು, ಬಲಗಡೆ ಒತ್ತಿದರೆ ಆ ತುಂಡು ಇದ್ದ ಹಾಗೆಯೇ ಕೆಳಗೆ ಕೂತುಬಿಡುತ್ತದೆ. ಪಟ್ಟಿ ಇಲ್ಲ, ಪ್ರಶ್ನೆ ಇಲ್ಲ. ಪ್ರಾಂಶುಪಾಲರಾದ ಚಿದಾನಂದಪ್ಪನವರು ಕಂಪನಿಯವರನ್ನು ವಿಚಾರಿಸಿದರು. ಎಲ್ಲ ಊರುಗಳಲ್ಲೂ ಹೀಗೇ ನಡೆಯುತ್ತಿದೆ, ಬಳ್ಳಾರಿಗೊಂದು ಬೇರೆ ಮಾಡಲಾಗದು ಎಂಬ ಉತ್ತರ ಬಂತು. ಹಾಗಾದರೆ ಕತ್ತರಿಯ ಬಲಗಡೆಯನ್ನೇ ಹೊಸದರ ಹಾಗೆ ತಿದ್ದೋಣ, ಇಲ್ಲದಿದ್ದರೆ ನಮ್ಮಲ್ಲಿ ಕಲಿತವರು ಹೊರಗೆ ಹೋಗಿ ಎಡವುತ್ತಾರೆ ಎಂದು ಪ್ರಾಂಶುಪಾಲರು ಸಭೆಯಲ್ಲಿ ಸೂಚಿಸಿದರು.

ಉಚ್ಚೆಂಗೆಮ್ಮನವರ ಬೆರಳುಗಳು ಮೇಜು ಬಡಿಯುವುದನ್ನು ನಿಲ್ಲಿಸಿದ್ದನ್ನು ಸಹೋದ್ಯೋಗಿಗಳು ಅಂದು ಮೊದಲ ಸಲ ಕಂಡರು. ತಪ್ಪನ್ನು ಎಲ್ಲರೂ ಮಾಡಿದರೆ ಅದು ಸರಿಯಾಗುತ್ತದೆಯೇ ಎಂದು ಕೇಳಿ ಎದ್ದು ಹೊರಟೇಹೋದರು. ಆಮೇಲೆ ತಿಂಗಳುಗಟ್ಟಲೆ ಜಗ್ಗಾಟ. ಇಬ್ಬರಿಗೂ ಬೇಕಾದ ಹಾಗೆ ಆರಿಸಿಕೊಳ್ಳಲು ಅನುಕೂಲ ಮಾಡಿಕೊಡುತ್ತೇನೆ, ಹಳಬರು ಹಳೆಯದು ಇಟ್ಟುಕೊಳ್ಳಲಿ, ಹೊಸಬರು ಹೊಸದು ಇಟ್ಟುಕೊಳ್ಳಲಿ ಎಂದು ಕರಿಬಸವನವರು ನಡುವೆ ಬಂದರು. ಅದನ್ನು ಮುರಿದವರೂ ಉಚ್ಚೆಂಗೆಮ್ಮನವರೇ. ಘಟಕಗಳಲ್ಲಿ ಒಂದೇ ಕುರ್ಚಿಯಲ್ಲಿ ಸರದಿಯ ಮೇಲೆ ಬೇರೆ ಬೇರೆಯವರು ಕೂರುತ್ತಾರೆ. ಬೆಳಗಿನವಳು ಆರಿಸಿಟ್ಟದ್ದರಲ್ಲಿ ಮಧ್ಯಾಹ್ನದವಳು ಬೀಳುತ್ತಾಳೆ ಎಂದರು. ಅವರ ಮಾತಿನಲ್ಲಿ ಸತ್ಯವಿತ್ತು, ಪ್ರಾಂಶುಪಾಲರ ಮಾತಿನಲ್ಲೂ ಇತ್ತು, ನಾವೆಲ್ಲ ಇಬ್ಬರಿಗೂ ಹೌದು ಹೌದು ಎಂದು ಚಹಾ ಕುಡಿದು ಬರುತ್ತಿದ್ದೆವು. ಕೊನೆಗೆ ಚಿದಾನಂದಪ್ಪನವರು, ಇದು ಮೇಡಂ ಅವರ ಜೀವಮಾನದ ಕೆಲಸ, ನಿವೃತ್ತಿಯ ದಿನದವರೆಗೆ ಅವರೇ ತೀರ್ಮಾನಿಸಲಿ, ಆಮೇಲೆ ನಾನು ನೋಡಿಕೊಳ್ಳುತ್ತೇನೆ ಎಂದು ಮಾತು ಮುಗಿಸಿದರು. ಕರಿಬಸವನವರಂತೂ ಕೈ ಕಟ್ಟಿ ನಿಂತರು.

“ಬರದಾವ ನಾನು, ಖರೆ. ಆದ್ರ ಆ ಬಟನ್ನು ನಿಮ್ದು ಮೇಡಂ. ನೀವು ಹೇಳೋತನಕ ನಾ ಮುಟ್ಟಂಗಿಲ್ಲ.”

ಈ ಮಾತು ಅವರ ನಿದ್ದೆ ಕೆಡಿಸಿತು. ಯಾರಾದರೂ ಬಲವಂತ ಮಾಡಿದ್ದರೆ ಜಗಳವಾಡಿಕೊಂಡು ಹಾಯಾಗಿರುತ್ತಿದ್ದರು. ತೀರ್ಮಾನ ತಮ್ಮ ಕೈಗೇ ಬಂದಾಗ ಎತ್ತ ಹೋದರೂ ಅದೇ ಚಿಂತೆ. ಬಿಡುವಾದಾಗೆಲ್ಲ ಯಾವುದಾದರೂ ಘಟಕಕ್ಕೆ ನುಗ್ಗಿ ಹೆಣ್ಣುಮಕ್ಕಳ ಬೆನ್ನ ಹಿಂದೆ ನಿಂತು ಕೈಗಳನ್ನು ನೋಡುತ್ತಿದ್ದರು. ನಿಂತವರು ಏನು ಹುಡುಕುತ್ತಿದ್ದಾರೆ ಎಂದು ತಿಳಿಯದೆ ಆ ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿ ತಿರುಗಿ ನೋಡುತ್ತಿದ್ದರು.

ಮಾರ್ಚ್ ತಿಂಗಳಲ್ಲಿ ಸಿರುಗುಪ್ಪದಿಂದ ಫೋನು ಬಂತು. ಆ ವರ್ಷವಷ್ಟೇ ನಮ್ಮಲ್ಲಿ ಕತ್ತರಿ ಕಲಿತು, ಹೊಸ ಪ್ರೋಗ್ರಾಂ ತಂದಿದ್ದ ಅದೇ ಚನ್ನಬಸವರಾಜರ ಘಟಕಕ್ಕೆ ಸೇರಿದ್ದ ಹೇಮಾ ಕತ್ತರಿಸಲು ಜೋಡಿಸಿಕೊಟ್ಟ ಪ್ಯಾಂಟುಗಳು ತೊಳೆಯಲು ಹೋಗಿ ಬಂದಿದ್ದವು. ಹೊಲಿದಾಗ ನೆಟ್ಟಗಿದ್ದ ಅವು ನೀರು ಕಂಡು ಒಣಗಿದ ಮೇಲೆ ತಿರುಚಿಕೊಂಡಿದ್ದವು. ಪಕ್ಕದಲ್ಲಿ ಇಳಿಯಬೇಕಾದ ಹೊಲಿಗೆ ಮೊಣಕಾಲಿನ ಮುಂದೆ ಬಂದು ಕೂತಿತ್ತು. ತೊಟ್ಟವನು ಬಳ್ಳಾರಿಯ ಕಡೆ ನಡೆದರೆ ಪ್ಯಾಂಟು ಕುರುಗೋಡಿನ ಕಡೆ ಹೊರಡುತ್ತದೆ ಎಂದು ಘಟಕದಲ್ಲಿ ನಗೆಯಾಡಿದರಂತೆ. ಬಟ್ಟೆಯ ಎಳೆಗೆ ಕಾಲಿನ ತುಂಡು ಒಂದಿಷ್ಟು ಓರೆಯಾಗಿ ಕೂತರೂ ಹೀಗಾಗುತ್ತದೆ. ಪರದೆಯ ಮೇಲೆ ಆ ಓರೆ ಕಣ್ಣಿಗೆ ಕಾಣುವುದಿಲ್ಲ. ಫೋನಿಟ್ಟ ಉಚ್ಚೆಂಗೆಮ್ಮನವರು ಬಸ್ ನಿಲ್ದಾಣಕ್ಕೆ ನಡೆದರು. ದಾರಿಯುದ್ದಕ್ಕೂ ಕಾಲುವೆ, ಭತ್ತದ ಗದ್ದೆ ಯಾವುದೂ ಕಣ್ಣಿಗೆ ಬೀಳಲಿಲ್ಲ. ಮುಂದಿನ ಸೀಟಿನ ಕಂಬಿಯನ್ನು ಎರಡು ಬೆರಳಿನಿಂದ ಬಡಿಯುತ್ತಲೇ ಇದ್ದರು. ಏನು ನಡೆದಿರಬಹುದು ಎಂದು ಅವರಿಗೆ ತಿಳಿದುಹೋಗಿತ್ತು, ಅದು ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತಿದ್ದರು.

ಸುಳ್ಳಾಗಲಿಲ್ಲ. ಹೇಮಾ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು, ಅತ್ತು ಅತ್ತು ಮುಖ ಊದಿತ್ತು. ತುಂಡನ್ನು ಎತ್ತಿಕೊಂಡಾಗ ಅದು ಓರೆಯಾಗಿದ್ದದ್ದು ಅವಳಿಗೆ ತಿಳಿದಿತ್ತು. ನೆಟ್ಟಗೆ ಮಾಡುವ ದಾರಿ ಕೇಳೋಣವೆಂದು, ಕಲಿಸಿದ ಹಾಗೆ, ಬಲಗಡೆ ಒತ್ತಿದ್ದಳು. ಪ್ರತಿ ಕಾಲಿಗೂ ಹಾಗೆಯೇ ಒತ್ತಿದ್ದಳು.

“ಪಟ್ಟಿ ಬರಲಿಲ್ರಿ ಮೇಡಂ. ಹೊಸ ಪ್ರೋಗ್ರಾಂ ಭಾಳ ಶಾಣ್ಯಾ ಇರಬೇಕು, ನಾ ಕೇಳೋದ್ರಾಗನ ತಾನ ನೆಟ್ಟಗ ಮಾಡಿ ಇಟ್ಟೈತಿ ಅಂದ್ಕೊಂಡೆ.”

ಬಲಗಡೆಯ ಬಟನ್ನು ಎಂದೂ ಕೆಡಿಸುವುದಿಲ್ಲ ಎಂದು ಆ ಹುಡುಗಿ ಅಷ್ಟು ಗಟ್ಟಿಯಾಗಿ ನಂಬಿದ್ದಳು. ಆ ನಂಬಿಕೆ ಎಲ್ಲಿಂದ ಬಂತೆಂದು ಉಚ್ಚೆಂಗೆಮ್ಮನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚನ್ನಬಸವರಾಜರಿಗೆ ಈಗ ತಲೆ ಪೂರ್ತಿ ನೆರೆತಿದೆ, ಸ್ವಭಾವ ಮೆತ್ತಗಾಗಿದೆ. ಕುರ್ಚಿ ಹಾಕಿಸಿ, ನೀರು ತರಿಸಿ, ದನಿ ಎತ್ತದೆ ಕೇಳಿದರು.

“ಆವತ್ತು ಹುಡುಗಿದು ತಪ್ಪಲ್ಲ, ನಿಮ್ಮ ಪ್ರೋಗ್ರಾಂದು ಅಂದ್ರಿ. ನಾ ಒಪ್ಪಿದೆ. ಇವತ್ತು ಯಾರದ್ರಿ ಮೇಡಂ?”

ಉಚ್ಚೆಂಗೆಮ್ಮನವರು ಹೇಮಾಳನ್ನು ಕೆಲಸದಿಂದ ತೆಗೆಯಬಾರದು ಎಂದು ಕೇಳಿಕೊಂಡರು, ಅವಳ ಪಕ್ಕ ಕೂತು ಹೊಸ ಪ್ರೋಗ್ರಾಮಿನಲ್ಲಿ ಒಂದು ಪೂರ್ತಿ ನಕ್ಷೆ ಮಾಡಿಸಿ ಎದ್ದರು. ಅಂದು ಅವರಿಗೆ ಬಂದ ದುಃಖ ಸಣ್ಣದಲ್ಲ. ಯಾವ ಮೀನಾಳನ್ನು ಉಳಿಸಲು ಒಂದು ಬಟನ್ನನ್ನು ಹಟ ಹಿಡಿದು ಕಾದುಕೊಂಡು ಬಂದಿದ್ದರೋ, ಅದೇ ಬಟನ್ನು ಅದೇ ಘಟಕದಲ್ಲಿ ಇನ್ನೊಬ್ಬ ಮೀನಾಳನ್ನು ಮಾಡಿಟ್ಟಿತ್ತು.

ನೇರ ಬಳ್ಳಾರಿಗೆ ಬರದೆ ಅವರು ಕುರುಗೋಡಿನಲ್ಲಿ ಇಳಿದರು. ಅಲ್ಲಿನ ಮಹಿಳಾ ಹೊಲಿಗೆ ಘಟಕದಲ್ಲಿ ಕಟಿಂಗ್ ವಿಭಾಗ ಈಗ ಮೀನಾಳ ಕೈಯಲ್ಲಿದೆ, ಅವಳ ಕೈಕೆಳಗಿನವರೆಲ್ಲ ಕತ್ತರಿಯಲ್ಲೇ ಪಳಗಿದವರು. ನಡೆದದ್ದನ್ನು ಪೂರ್ತಿ ಕೇಳಿಸಿಕೊಂಡ ಮೀನಾ, ಮೇಡಂ ಯಾವ ಮಾತಿಗೆ ಬರುತ್ತಿದ್ದಾರೆ ಎಂದು ಅವರು ಬಾಯಿ ಬಿಡುವ ಮೊದಲೇ ತಿಳಿದುಕೊಂಡಳು.

“ಬದಲ್ ಮಾಡಬ್ಯಾಡ್ರಿ ಮೇಡಂ. ಆ ಒಂದು ಬಟನ್ನು ನಂಬಿ ನಾ ಮತ್ತ ಮೌಸ್ ಹಿಡದಾಕಿ. ಇಲ್ಲಿರೋರ್ದು ಎಲ್ಲಾರ್ದೂ ಕೈ ಹಂಗ ಕುಂತೈತಿ.”

“ನಿನ್ನ ಉಳಸಾಕ ಅಂತ ಮಾಡಿದ್ದು ಅದು, ಮೀನಾ. ಈಗ ಅದ ಹೇಮಾನ್ನ ಕೆಡವೈತಿ.”

ಮೀನಾ ಬಿಡಲಿಲ್ಲ. ಹೊರಗಿನವರು ಬಂದು ಕೆಡಿಸಿದ್ದಕ್ಕೆ ತಮ್ಮ ಕೈಗಳೇಕೆ ದಂಡ ತೆರಬೇಕು, ಇಷ್ಟು ವರ್ಷ ಒಂದು ಮಾತು ಹೇಳಿ ಈಗ ಹೋಗುವ ಹೊತ್ತಿನಲ್ಲಿ ಇನ್ನೊಂದು ಹೇಳುವುದು ನ್ಯಾಯವೇ ಎಂದು ಕೇಳಿದಳು. ನ್ಯಾಯವಲ್ಲ ಎಂದು ಉಚ್ಚೆಂಗೆಮ್ಮನವರು ಒಪ್ಪಿಕೊಂಡರು. ಆದರೆ ಕಲಿತ ಕೈ ಇನ್ನೊಮ್ಮೆ ಕಲಿತೀತು, ಮೊದಲ ದಿನವೇ ಬಿದ್ದ ಕೈ ಮತ್ತೆ ಏಳುವುದು ಎಷ್ಟು ಕಷ್ಟವೆಂದು ನಿನಗಿಂತ ಯಾರಿಗೆ ಗೊತ್ತು ಎಂದರು. ಮೀನಾ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಮೇಡಂ ಬಂದರೆ ಬಸ್ಸಿನವರೆಗೆ ಬಂದು ಕಳಿಸುತ್ತಿದ್ದವಳು ಅಂದು ಬಾಗಿಲಿಗೂ ಬರಲಿಲ್ಲ.

ಮರುದಿನ ಉಚ್ಚೆಂಗೆಮ್ಮನವರು ಕರಿಬಸವನವರ ಮೇಜಿನ ಮುಂದೆ ನಿಂತು, ಹೊಸದರ ಹಾಗೆ ಮಾಡು ಎಂದರು. ಕರಿಬಸವನವರಿಗೆ ಕೈಯೇ ಬರಲಿಲ್ಲ. ಇವರು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಮುಗಿಯುವವರೆಗೆ ಏಳದೆ ಕೂತಿದ್ದರು. ನಮ್ಮ ಕೇಂದ್ರದಲ್ಲಿ ಅವರು ಅಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ಕಂಡವರು ಬೇರೆ ಯಾರೂ ಇಲ್ಲ. ಬದಲಾದ ಕತ್ತರಿಯನ್ನು ಪರೀಕ್ಷಿಸಲು ಒಂದು ಜೇಬನ್ನು ಎತ್ತಿಕೊಂಡು ಬಲಗಡೆ ಒತ್ತಿದರು. ಜೇಬು ಸದ್ದಿಲ್ಲದೆ ಕೂತುಬಿಟ್ಟಿತು, ಪಟ್ಟಿ ಬರಲಿಲ್ಲ. ಕಣ್ಣಲ್ಲಿ ನೀರು ಬಂದದ್ದನ್ನು ಅವರು ಒರೆಸಿಕೊಳ್ಳಲೂ ಇಲ್ಲ, ಕರಿಬಸವನವರು ನೋಡದ ಹಾಗೆ ಮಾಡಲೂ ಇಲ್ಲ.

ಮೇ ತಿಂಗಳ ಬೀಳ್ಕೊಡುಗೆಗೆ ಸಿರುಗುಪ್ಪದಿಂದ ಹೇಮಾ ಬಂದಿದ್ದಳು, ಚನ್ನಬಸವರಾಜರು ಶಾಲು ತಂದಿದ್ದರು. ಕುರುಗೋಡಿನಿಂದ ಯಾರೂ ಬರಲಿಲ್ಲ. ಶಾಲು ಹೊದೆಸುವಾಗ ಉಚ್ಚೆಂಗೆಮ್ಮನವರ ಕಣ್ಣು ಬಾಗಿಲಿನ ಕಡೆಗೇ ಇತ್ತು. ಭಾಷಣ ಮಾಡಲು ಎದ್ದವರು ಎರಡು ಮಾತು ಆಡಿ ಕೂತರು. ಇನ್ನಾದರೂ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹೇಳಿದವರಿಗೆಲ್ಲ ಹೂಂ ಎಂದರು.

ನಂತರದ ಸೋಮವಾರ ಬೆಳಿಗ್ಗೆ ಅವರು ಕುರುಗೋಡಿನ ಬಸ್ಸು ಹತ್ತಿದರು. ತಾನು ಕಲಿಸಿದ್ದನ್ನು ತಾನೇ ಬಿಡಿಸಬೇಕು, ಇದಕ್ಕೆ ಬೇರೆಯವರನ್ನು ಕಳಿಸಲಾಗದು ಎಂದು ಮನೆಯಲ್ಲಿ ಹೇಳಿದರಂತೆ. ಬದಲಾದ ಕತ್ತರಿ ಅಷ್ಟರಲ್ಲಿ ಮೀನಾಳ ಘಟಕಕ್ಕೂ ಬಂದಿತ್ತು; ಅಲ್ಲಿ ಒಬ್ಬೊಬ್ಬರ ಪಕ್ಕದಲ್ಲಿ ಕೂತು ಹೊಸ ರೀತಿ ಅಭ್ಯಾಸ ಮಾಡಿಸತೊಡಗಿದರು. ಕೆಲವರು ನಕ್ಕರು, ಕೆಲವರು ಗೊಣಗಿದರು, ಮೀನಾ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತ ಅತ್ತ ತಿರುಗಲಿಲ್ಲ. ದಿನವೂ ಹೋದರು, ದಿನವೂ ಆಕೆ ತಿರುಗಲಿಲ್ಲ. ಆ ವಾರದ ಕೊನೆಗೆ ಒಬ್ಬಾಕೆಗೆ ತೋರಿಸಿಕೊಡಲೆಂದು ಮೇಡಂ ತಾವೇ ಮೌಸ್ ಹಿಡಿದು ಕಾಲಿನ ತುಂಡೊಂದನ್ನು ಎತ್ತಿಕೊಂಡರು. ಅದು ಕೂದಲೆಳೆಯಷ್ಟು ಓರೆಯಾಗಿತ್ತು. ಅದನ್ನು ನೆಟ್ಟಗೆ ಮಾಡುವುದಕ್ಕೆ, ಇಷ್ಟು ವರ್ಷದ ಅಭ್ಯಾಸದಂತೆ, ಅವರ ನಡುಬೆರಳು ತಾನಾಗಿ ಬಲಗಡೆಗೆ ಬಾಗಿತು. ಒತ್ತುವ ಮೊದಲೇ ಹಿಂದಿನಿಂದ ಒಂದು ಕೈ ಬಂದು ಆ ಬೆರಳನ್ನು ಹಿಡಿದುಕೊಂಡಿತು. ಮೀನಾಳ ಕೈ ಅದು.

“ಬೆರಳು ಎತ್ರಿ ಮೇಡಂ. ಅದು ಈಗ ಕೇಳಂಗಿಲ್ಲ. ಒತ್ತಾಕ ಮೊದಲು ನಾವ ಕೇಳ್ಕೋಬೇಕು.”

ಹೇಳಿ ಆಕೆ ಪಕ್ಕದ ಕುರ್ಚಿ ಎಳೆದು ಕೂತಳು, ಬಹಳ ಹಿಂದೆ ತನಗೆ ಯಾರು ಹೇಗೆ ಮಾಡಿದ್ದರೋ ಹಾಗೆಯೇ ಮೇಡಂ ಅವರ ಬೆರಳುಗಳನ್ನು ಒಂದೊಂದಾಗಿ ಮೌಸಿನ ಮೇಲೆ ಇಟ್ಟಳು. ಆ ದಿನ ಸಂಜೆ ಇಬ್ಬರೂ ಬಸ್ ನಿಲ್ದಾಣದವರೆಗೆ ಜೊತೆಯಲ್ಲಿ ನಡೆದರು. ಈಗ ಆ ತರಗತಿಯನ್ನು ಮೀನಾ ನಡೆಸುತ್ತಾಳೆ, ಉಚ್ಚೆಂಗೆಮ್ಮನವರು ಮುಂದಿನ ಸಾಲಿನಲ್ಲಿ ಕಲಿಯುತ್ತಾರೆ. ತಪ್ಪು ಮಾಡುವವರಲ್ಲಿ ಅವರದೇ ಮೊದಲ ಹೆಸರು ಎಂದು ಮೀನಾ ಹೇಳುತ್ತಾಳೆ, ಅವರೂ ಅಲ್ಲಗಳೆಯುವುದಿಲ್ಲ.

ಇಂಥ ಗುರುಗಳಿಗೆ ನೂರು ತುಂಬಲಿ, ಕಣ್ಣು ಕೈ ಗಟ್ಟಿಯಾಗಿರಲಿ ಎಂದು ಅವರ ಶಿಷ್ಯಬಳಗವೂ ಸಹೋದ್ಯೋಗಿಗಳಾದ ನಾವೂ ಮನಸಾರೆ ಬಯಸುತ್ತೇವೆ. ನೆಮ್ಮದಿಯನ್ನು ಮಾತ್ರ ಬಯಸುವ ಧೈರ್ಯ ನಮಗಿಲ್ಲ, ಬಯಸಿದರೂ ಅವರು ತೆಗೆದುಕೊಳ್ಳುವವರಲ್ಲ. ಅವರ ಎರಡು ಬೆರಳುಗಳು ಇನ್ನೂ ಬಹುಕಾಲ ಮೇಜು ಬಡಿಯುತ್ತಿರಲಿ, ಕುರುಗೋಡಿನ ಬೆಳಗಿನ ಬಸ್ಸಿನಲ್ಲಿ ಅವರಿಗೆ ದಿನವೂ ಕೂರಲು ಸೀಟು ಸಿಗಲಿ.